ಹಸು ಒಳಗೆ ಬರುವ ಮೊದಲು

ಚಾಮರಾಜಪೇಟೆಯ ಹಳೆಯ ಮನೆ ಕೆಡವಿ ಚಿಕ್ಕಮ್ಮ ಮೂರಂತಸ್ತು ಕಟ್ಟಿಸುತ್ತಿದ್ದಾಗ, ಯಾದಗಿರಿ ಕಡೆಯ ಗಂಡ ಹೆಂಡತಿ ಆ ಅರೆಬರೆ ಮನೆಯೊಳಗೇ ಇದ್ದರು. ಅವನದು ಗಾರೆ ಕೆಲಸ, ಜೊತೆಗೆ ಕಾವಲು. ಅವಳು ಇಟ್ಟಿಗೆ ಹೊತ್ತಳು, ಗೋಡೆಗೆ ನೀರು ಹಾಕಿದಳು. ಮುಂದೆ ಹಾಲ್ ಆಗಲಿದ್ದ ಜಾಗದಲ್ಲಿ ಮೂರು ಕಲ್ಲಿಟ್ಟು ರೊಟ್ಟಿ ಸುಡುತ್ತಿದ್ದಳು. ಗೃಹಪ್ರವೇಶದ ದಿನ ನಿಶ್ಚಯವಾಗುವ ಹೊತ್ತಿಗೆ ಅವಳಿಗೆ ದಿನ ತುಂಬಿತ್ತು.

ಚಿಕ್ಕಪ್ಪ ಬಹಳ ವರ್ಷ ಗಲ್ಫಿನಲ್ಲಿ ಕಟ್ಟಡ ಕೆಲಸದ ಸೂಪರ್‌ವೈಸರ್ ಆಗಿದ್ದವರು. ಕಾಫಿ ಕೈಗೆ ಬಂದರೆ ಸಾಕು, ದೇಶದೇಶದ ಕೂಲಿಗಳನ್ನು ತಕ್ಕಡಿಗೆ ಹಾಕುತ್ತಿದ್ದರು. ಅಲ್ಲಿ ನೇಪಾಳದ ಹಳ್ಳಿಯವನು ಹೆಂಡತಿಯನ್ನು ಊರಲ್ಲೇ ಬಿಟ್ಟು ಬರಬೇಕಂತೆ, ಕ್ಯಾಂಪಿನಲ್ಲಿ ಬರೀ ಗಂಡಸರಂತೆ. ಚೀನಾದಲ್ಲಿ ಗಂಡ ಹೆಂಡತಿ ಇಬ್ಬರೂ ಪಟ್ಟಣಕ್ಕೆ, ಕೂಸು ಮಾತ್ರ ಹಳ್ಳಿಯ ಅಜ್ಜಿಯ ಹತ್ತಿರ. ನಮ್ಮಲ್ಲೇ ವಾಸಿ, ಇಡೀ ಸಂಸಾರ ಒಟ್ಟಿಗೆ ಬರುತ್ತೆ ಎಂದು ಮುಗಿಸುತ್ತಿದ್ದರು. ಚಿಕ್ಕಮ್ಮ ಆ ಪರದೇಶದ ಹೆಂಗಸರಿಗಾಗಿ ಲೊಚಗುಟ್ಟುತ್ತಿದ್ದಳು.

"ಹೆರಿಗಿ ಆಗೋತನ ಇರ್ತೀವ್ರಿ ಅಮ್ಮಾರ. ದವಾಖಾನಿ ಇಲ್ಲೇ ಸಮೀಪ ಅದರಿ," ಎಂದು ಗಾರೆಯವನು ಕೇಳಿಕೊಂಡ.

"ಬಾಣಂತಿ ಇಟ್ಕೊಂಡು ಹೊಸ ಮನೇಲಿ ಹೋಮ ಮಾಡೋಕಾಗುತ್ತೇನಪ್ಪ? ಊರಿಗೆ ಕರ್ಕೊಂಡು ಹೋಗ್ಬಿಡು," ಎಂದಳು ಚಿಕ್ಕಮ್ಮ.

ಅವರ ಹೆರಿಗೆಯ ಪುರುಡು ನಿಮಗೆ ತಟ್ಟುವುದಿಲ್ಲ ಎಂದು ಪುರೋಹಿತರೇ ಹೇಳಿದರೂ ಅವಳು ಕೇಳಲಿಲ್ಲ. ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ನಾನು ಜಗಳವಾಡಿದ್ದಕ್ಕೆ, ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಬಾಯಿ ಮುಚ್ಚಿಸಿದಳು. ನಾನು ಎರಡನ್ನೂ ಮಾಡಿದವಳಲ್ಲ. ಗಲ್ಫಿನವರು ಹೆಂಡತಿ ಬರುವುದೇ ಬೇಡ ಎನ್ನುತ್ತಾರೆ. ನಾವು ಬಾ, ಇಟ್ಟಿಗೆ ಹೊರು, ಹೆರಬೇಡ ಎನ್ನುತ್ತೇವೆ. ಮರುದಿನ ಅವರಿಬ್ಬರೂ ಊರಿನ ಬಸ್ಸು ಹತ್ತಿದರು.

ಗೃಹಪ್ರವೇಶದ ಬೆಳಗ್ಗೆ ಅವನೊಬ್ಬನೇ ವಾಪಸು ಬಂದ. ಚಿಕ್ಕಪ್ಪನೇ ಫೋನ್ ಮಾಡಿ ಕರೆಸಿದ್ದರು. ಏನೂ ಕೇಳದೆ ಹಸುವಿನ ಹಗ್ಗ ಅವನ ಕೈಗೆ ಕೊಟ್ಟರು. ಅವನು ಹಸು, ಕರು ಎರಡನ್ನೂ ಹೊಸಿಲು ದಾಟಿಸಿದ. ಹಸು ಹಾಲ್‌ನ ನಡುವೆ, ಆ ಮೂರು ಕಲ್ಲುಗಳಿದ್ದ ಜಾಗದಲ್ಲೇ ಸಗಣಿ ಹಾಕಿತು. ಎಂಥ ಶುಭ ಎಂದು ಎಲ್ಲರ ಮುಖ ಅರಳಿತು. ಚಿಕ್ಕಮ್ಮ ಕೈ ಮುಗಿದಳು.

ನಾನು ಹತ್ತಿರ ಹೋಗಿ ಹೆಂಡತಿ ಹೇಗಿದ್ದಾಳೆ ಎಂದು ಕೇಳಿದೆ.

"ಬಸ್ಸಿನ್ಯಾಗೇ ಹಡದಳ್ರಿ. ಕೂಸು ಉಳೀಲಿಲ್ಲ."

ಚಿಕ್ಕಮ್ಮನಿಗೆ ಕೇಳಿಸಿತು. ಅವಳ ಮುಖ ಬಿಳಿಚಿಕೊಂಡಿತು. ಒಂದು ಗಳಿಗೆ, ಅಳುತ್ತಾಳೆ ಎಂದುಕೊಂಡೆ.

"ಸೂತಕ ಇಟ್ಕೊಂಡು ಒಳಗೆ ಬಂದ್ಯಾ? ಮೊದಲೇ ಹೇಳೋದಲ್ವಾ?"

ಅವನು ಹಗ್ಗವನ್ನು ನನ್ನ ಕೈಗಿತ್ತು ಹೊರಗೆ ಹೋದ. ಅವನೇ ಹಾಸಿದ ನೆಲಕ್ಕೆ ಚಿಕ್ಕಮ್ಮ ಗಂಜಲ ಚಿಮುಕಿಸಿದಳು.