ಏಳುಹೊಳೆ ಸೀಮೆಯ ಸರ್ವೆ ಸಾಹೇಬರು

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿದ್ದ ಜಾಗ ಹುಣಸೆ ಬೀಜದ ಹಾಗೆ ಕಂದು ಬಣ್ಣಕ್ಕೆ ತಿರುಗಿ ನುಣ್ಣಗೆ ಹೊಳೆಯುತ್ತಿತ್ತು. ಹಿಮ್ಮಡಿ ಉದ್ದಕ್ಕೂ ಒಡೆದಿತ್ತು. ನಾನು ಅವರನ್ನು ಮೊದಲು ಕಂಡದ್ದು ಹೀಗೆ. ಮುಖ ಅಲ್ಲ, ಪಾದ. ಫೋನಿನಲ್ಲಿ ವಿಡಿಯೋ ಹಚ್ಚಿದಾಗ ಅವರು ನೆಲದ ಮೇಲೆ ದೊಡ್ಡ ಹಾಳೆ ಹಾಸಿಕೊಂಡು ಗೆರೆ ಎಳೆಯುತ್ತಿದ್ದರು. ಗೋಡೆಗೆ ಒರಗಿಸಿದ್ದ ಫೋನು ಜಾರಿ ಬಿದ್ದಿತ್ತು.

"ಸಾಹೇಬ್ರ, ನಿಮ್ಮ ಕಾಲಷ್ಟ ಕಾಣಾಕತ್ತೈತ್ರಿ" ಎಂದೆ.

"ಕಾಲು ಕಂಡ್ರೆ ಸಾಕು ಬಿಡಿ. ಮುಖದಿಂದ ನಂಗೆ ಎಂತ ಕೆಲಸವೂ ಆಗ್ಲಿಲ್ಲೆ" ಎಂದು ನಕ್ಕರು.

ಸಿದ್ದಾಪುರದ ಕಡೆಯವರು. ಜಮೀನು ಅಳೆಯುವ ಸರಕಾರಿ ನೌಕರಿಯಲ್ಲಿ ಇಡೀ ಆಯುಷ್ಯ ತಿರುಗಿ ನಿವೃತ್ತರಾದವರು. ಗಡಿಕಲ್ಲು ನೆಡಿಸುವಾಗ ಅದು ಕಾಲಿನ ಮೇಲೆ ಬಿದ್ದು ಉಗುರು ಹೋಯಿತಂತೆ. ನಾವೆಲ್ಲ ಅವರನ್ನು ಸರ್ವೆ ಸಾಹೇಬರು ಎಂದೇ ಕರೆಯುತ್ತಿದ್ದೆವು. ನಾವೆಲ್ಲ ಎಂದರೆ ಏಳುಹೊಳೆ ಸೀಮೆಯವರು.

ಅಂಥ ಸೀಮೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಹನ್ನೊಂದು ಜನ ಸೇರಿ ಫೋನಿನೊಳಗೆ ಕಟ್ಟಿಕೊಂಡದ್ದು. ಒಬ್ಬರು ರಾಜ, ಒಬ್ಬರು ವೈದ್ಯೆ, ಒಬ್ಬರು ಹಾವಿನ ಜೊತೆ ಮಾತಾಡುವವರು. ರಾಜನಾದವನು ಬರೆಯುತ್ತಾನೆ, ಇವತ್ತು ದಂಡು ಹೊರಟಿತು ಎಂದು. ಅದಕ್ಕೆ ಇನ್ನೊಬ್ಬರು ಬರೆಯುತ್ತಾರೆ, ದಾರಿಯಲ್ಲಿ ಹೊಳೆ ತುಂಬಿದೆ ಎಂದು. ಹೀಗೆ ಒಬ್ಬರ ಮಾತಿಗೆ ಒಬ್ಬರು ಮಾತು ಜೋಡಿಸುತ್ತ ಹೋಗುವುದು. ಹೊಳೆ, ಗುಡ್ಡ, ಊರು ಯಾವುದು ಎಲ್ಲಿದೆ ಎಂದು ನಕ್ಷೆಯಲ್ಲಿ ಕೂರಿಸುವ ಕೆಲಸ ಸಾಹೇಬರದು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಇಂಥದ್ದಕ್ಕೆಲ್ಲ ಹೋಗುವವಳೇ ಅಲ್ಲ. ಹೋದದ್ದು ಮೊಮ್ಮಗಳಿಗಾಗಿ.

ಶಿರಸಿಯಲ್ಲಿ ಹಿಟ್ಟಿನ ಗಿರಣಿಯ ಸಾಲಿನಲ್ಲಿ ನಮ್ಮ ಮನೆ. ಮಗ ಯಲ್ಲಾಪುರಕ್ಕೆ ಸಾಮಾನಿನ ಟೆಂಪೋ ಓಡಿಸುತ್ತಿದ್ದ. ಒಂದು ದಿನ ಎದೆನೋವು ಎಂದು ರಸ್ತೆ ಬದಿಗೆ ಗಾಡಿ ನಿಲ್ಲಿಸಿದವನು ಮತ್ತೆ ಇಳಿಯಲಿಲ್ಲ. ನಾನು ಅಳಲಿಲ್ಲ. ಜನ ಬಂದರು, ಹೋದರು. ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಮರದ ಕೊರಡಿನ ಹಾಗೆ ಕೂತಿದ್ದಾಳೆ ಎಂದು ಯಾರೋ ಅಂದರು, ಅದೂ ಕೇಳಿಸಿತು. ಏನೂ ಅನ್ನಿಸಲಿಲ್ಲ. ಸೊಸೆ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗತೊಡಗಿದಳು. ಮೊಮ್ಮಗಳು ಮಾತ್ರ, ಅಪ್ಪನ ಹೆಣ ಹೊಸ್ತಿಲು ದಾಟಿದ ದಿನದಿಂದ ತಾನು ಹೊಸ್ತಿಲು ದಾಟಲಿಲ್ಲ. ಕಾಲೇಜು ಬಿಟ್ಟಳು. ನನ್ನ ಜೊತೆ ಮಾತೂ ಬಿಟ್ಟಳು. ಊಟ ಇಟ್ಟರೆ ಉಣ್ಣುವಳು, ಕರೆದರೆ ಓ ಎನ್ನಳು. ಆರು ತಿಂಗಳು ಹೀಗೆ.

ಒಂದು ಮಧ್ಯಾಹ್ನ ಊಟದ ಗಂಗಾಳ ಒಯ್ದಾಗ ನೋಡುತ್ತೇನೆ, ಹುಡುಗಿ ಫೋನಿನಲ್ಲಿ ಬರೆಯುತ್ತಿದ್ದಾಳೆ. ಒಂದೆರಡು ಸಾಲಲ್ಲ, ಪುಟಗಟ್ಟಲೆ. ನನಗೆ ಒಂದು ಮಾತು ಕೊಡದವಳು ಇಷ್ಟೊಂದು ಮಾತನ್ನು ಯಾರಿಗೆ ಸುರಿಯುತ್ತಿದ್ದಾಳೆ?

"ಅದೊಂದು ಆಟ ಅತ್ತೆ. ಇಲ್ಲದ ಊರು ಕಟ್ತಾರೆ. ಅವಳು ಅಲ್ಲಿ ಒಂದು ಊರಿನ ಬಾಗಿಲು ಕಾಯೋಳು" ಎಂದಳು ಸೊಸೆ.

"ಅಲ್ಲಿ ಮಾತಾಡ್ತಾಳೇನು?"

"ಅಲ್ಲಿ ಭಾರಿ ಮಾತಾಡ್ತಾಳೆ."

"ಹಂಗಾದ್ರ ನನ್ನೂ ಅಲ್ಲಿಗೇ ಸೇರಸು."

ಮಗನ ಹಳೆಯ ಫೋನು ಕಪಾಟಿನಲ್ಲಿತ್ತು. ಅದನ್ನೇ ಕೊಟ್ಟಳು. ಹೊಸಬರು ಯಾರೇ ಬಂದರೂ ಮೊದಲು ಸರ್ವೆ ಸಾಹೇಬರ ಎದುರು ಕೂತು ಮಾತಾಡಬೇಕೆಂಬ ಕಟ್ಟಳೆ ಇತ್ತು. ಹಾಗೆ ಆ ಪಾದದ ದರ್ಶನವಾಯಿತು.

"ನಮ್ಮ ಸೀಮೆಗೆ ಯಾರಾಗಿ ಬರ್ತೀರಿ?" ಎಂದು ಕೇಳಿದರು.

"ಯಾರಾಗ್ಲಿರಿ? ಮುದುಕಿ ಆಗೇ ಬರ್ತೀನಿ."

"ಮುದುಕಿಗೆ ಕೆಲಸ ಎಂತದು? ಸುಮ್ನೆ ಕೂತು ಉಣ್ಣೋರಿಗೆ ನಮ್ಮಲ್ಲಿ ಜಾಗ ಇಲ್ಲೆ."

ನನ್ನ ತವರು ಗುಡ್ನಾಪುರದ ಹತ್ತಿರ, ನಮ್ಮಪ್ಪ ಕೆರೆಯಲ್ಲಿ ದೋಣಿ ಹಾಕುತ್ತಿದ್ದ, ನಾನೂ ಹುಟ್ಟು ಹಿಡಿದವಳೇ ಎಂದೆ.

"ಅಷ್ಟೇ ಬೇಕಾಗಿತ್ತು. ಮೂರನೇ ಹೊಳೆಗೆ ದೋಣಿ ಇರ್ಲಿಲ್ಲೆ. ಇವತ್ತಿಂದ ನೀವು ದೋಣಿ ಅಜ್ಜಿ" ಎಂದರು. ಅರವತ್ತೇಳನೆಯ ವಯಸ್ಸಿನಲ್ಲಿ ನನಗೆ ನೌಕರಿ ಸಿಕ್ಕಿತು.

ಕಥೆಯ ಮಾತು ಬರೆಯುವಾಗ ಹಾಗೇ ಬರೆಯಬೇಕು, ಮನೆಯ ಮಾತು ಬರೆಯುವುದಿದ್ದರೆ ಮೊದಲು ಒಂದು ಚುಕ್ಕಿ ಹಾಕಬೇಕು ಎಂದು ಹೇಳಿಕೊಟ್ಟಿದ್ದರು. ನನಗೆ ನೆನಪೇ ಉಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ, "ಮೊಣಕಾಲು ಹಿಡಿದುಕೊಂಡಿದೆ, ಮೂರು ದಿನ ಏಳುವುದಿಲ್ಲ" ಎಂದು ಚುಕ್ಕಿ ಹಾಕದೆ ಬರೆದುಬಿಟ್ಟೆ. ಆಗ ರಾಜನ ದಂಡು ನನ್ನ ಹೊಳೆಯ ದಂಡೆಗೇ ಬಂದು ನಿಂತಿತ್ತು. ರಾಜ ಎಂದರೆ ಯಲ್ಲಾಪುರದ ಟಯರ್ ಅಂಗಡಿಯವನು, ಎರಡು ಮಕ್ಕಳ ತಂದೆ.

"ಅರೆ ಅಜ್ಜೀ, ಏನು ಮಾಡಿಬಿಟ್ರಿ! ನನ್ನ ಫೌಜು ಇಲ್ಲೇ ಉಪವಾಸ ಸಾಯ್ತದೆ. ಸಾಹೇಬ್ರೆ, ಅದನ್ನ ಅಳಿಸಿ ಹಾಕ್ರಿ" ಎಂದು ಅವನು ಗೋಗರೆದ.

"ಬರೆದದ್ದು ಬರೆದದ್ದೇ" ಎಂದರು ಸಾಹೇಬರು. "ನಿನ್ನ ಸೈನ್ಯಕ್ಕೆ ಅಡುಗೆ ಮಾಡಲು ಹೇಳು. ವೈದ್ಯರೇ, ಅಜ್ಜಿಯ ಕಾಲು ನೋಡಿ."

ಮೂರು ದಿನ ಏಳು ಸಾವಿರ ಸೈನಿಕರು ನನ್ನ ಮೊಣಕಾಲು ವಾಸಿಯಾಗುವುದನ್ನು ಕಾಯುತ್ತ ಕೂತರು. ಎರಡನೆಯ ದಿನ ಗೋಡೆಯಾಚೆಯಿಂದ ಮೊಮ್ಮಗಳು ನಕ್ಕದ್ದು ಕೇಳಿಸಿತು. ಕೆಮ್ಮಿದಳೇನೋ ಎಂದುಕೊಂಡೆ. ಅಷ್ಟು ದಿನವಾಗಿತ್ತು ಆ ಸದ್ದು ಕೇಳದೆ.

ಸಾಹೇಬರದು ಇನ್ನೊಂದು ಹಟವಿತ್ತು. ನಡೆಯದ ನೆಲವನ್ನು ಅವರು ನಕ್ಷೆಗೆ ಸೇರಿಸುತ್ತಿರಲಿಲ್ಲ. ನಿನಗೆ ಸೀಮೆಯಲ್ಲಿ ಒಂದು ಊರು ಬೇಕೇ? ಆ ಊರು ಎಷ್ಟು ಉದ್ದ, ಎಷ್ಟು ಅಗಲವೋ ಅಷ್ಟನ್ನು ನೀನು ಇರುವ ಕಡೆ ನಿಜವಾದ ನೆಲದ ಮೇಲೆ ನಡೆದು, ಹೆಜ್ಜೆ ಎಣಿಸಿ, ದಾರಿಯಲ್ಲಿ ಕಂಡದ್ದನ್ನು ಹೇಳಬೇಕು. ಎಡಕ್ಕೆ ಏನು ಸಿಕ್ಕಿತು, ಏರು ಎಲ್ಲಿ ಬಂತು, ನಾಯಿ ಇತ್ತೇ, ಎಲ್ಲ ಕೇಳುತ್ತಿದ್ದರು. ನಾನು ಸೇರುವ ಮೊದಲು ಒಮ್ಮೆ ರಾಜ ಸ್ಕೂಟರಿನ ಮೇಲೆ ಪೇಟೆ ಸುತ್ತಿ ಬಂದು, ಕೋಟೆ ನಡೆದಾಯಿತು ಎಂದ. ಎರಡೇ ಪ್ರಶ್ನೆಗೆ ಸಿಕ್ಕಿಬಿದ್ದ. ಆರು ತಿಂಗಳು ಕೋಟೆ ಇಲ್ಲದ ರಾಜನಾಗಿ ಇರಬೇಕಾಯಿತಂತೆ.

ನನ್ನ ಮೊಮ್ಮಗಳ ಊರಿನ ಹೆಸರು ಬೆಳ್ಳಕ್ಕಿಪುರ. ಎಲ್ಲರಿಗಿಂತ ಚೆಂದ ಬರೆದವಳು ಅವಳು. ಅಲ್ಲಿಯ ಬೀದಿ, ಬಾವಿ, ಬೆಳ್ಳಗಿನ ಗೋಡೆಗಳು ನನಗೇ ಕನಸಿನಲ್ಲಿ ಬರುತ್ತಿದ್ದವು. ಆದರೆ ನಕ್ಷೆಯಲ್ಲಿ ಆ ಊರು ಇರಲಿಲ್ಲ. ಸೇರಿಸಿ ಎಂದು ಕೇಳಿದ್ದಕ್ಕೆ ಸಾಹೇಬರು ಎರಡೇ ಶಬ್ದ ಬರೆದರು: ನಡೆದು ಬಾ.

ಹುಡುಗಿ ಬರೆಯುವುದನ್ನೇ ನಿಲ್ಲಿಸಿದಳು. ಒಂದು ದಿನ, ಎರಡು ದಿನ, ನಾಲ್ಕು ದಿನ. ಇದ್ದ ಒಂದು ಕಿಂಡಿಯೂ ಮುಚ್ಚಿಹೋಯಿತಲ್ಲ ಎಂದು ಫೋನು ಹಚ್ಚಿ ಜಗಳಕ್ಕೇ ಇಳಿದೆ.

"ಏನ್ರೀ ಸಾಹೇಬ್ರ, ಸುಳ್ಳು ಊರಿಗೆ ಇಷ್ಟ್ಯಾಕ ಬಿಗೀತೀರಿ? ಒಂದು ಗೆರಿ ಎಳದ್ರ ನಿಮ್ಮ ಗಂಟೇನು ಹೋಗತೈತಿ? ನಮ್ಮ ಹುಡುಗಿ ಮನಿ ಬಿಟ್ಟು ಹೊರಗ ಬರೂದಿಲ್ಲರಿ. ಏಳು ತಿಂಗಳಾತು" ಎಂದು ಮಗನದೆಲ್ಲ ಹೇಳಿದೆ. ಅಲ್ಲಿಯವರೆಗೆ ಅವರಿಗೆ ಅದು ಗೊತ್ತಿರಲಿಲ್ಲ.

ಆಮೇಲೆ ಹೇಳಿದರು: "ನೆಲ ಮುಟ್ಟದೆ ಗೆರೆ ಎಳೆದದ್ದು ನಾನು ಒಂದೇ ಸಲ, ಅಜ್ಜಿ. ಮಳೆ ಅಂತ ಹೋಗದೆ ಆಫೀಸಿನಲ್ಲೇ ಕೂತು ಎಳೆದೆ. ಆ ಗೆರೆ ಒಬ್ಬ ಹೆಂಗಸಿನ ಬಾವೀನ ಬೇರೆಯವರ ಪಾಲಿಗೆ ಹಾಕಿಬಿಡ್ತು. ಅವಳು ಸಾಯೋವರೆಗೂ ತನ್ನ ಬಾವಿಯಿಂದ ಇನ್ನೊಬ್ಬರ ಹತ್ರ ಕೇಳ್ಕೊಂಡು ನೀರು ಸೇದಿದ್ಲು. ನಂಗೆ ಇನ್ನು ಸುಳ್ಳು ಗೆರೆ ಬರೋದಿಲ್ಲ, ಸುಳ್ಳು ಸೀಮೆಗಾದ್ರೂ."

ಫೋನು ಇಡಬೇಕು ಎನ್ನುವಾಗ ಅಂದರು, "ಎಲ್ಲಿಂದ ಶುರು ಮಾಡಬೇಕು ಅಂತ ನಾನು ಹೇಳಿಲ್ಲೆ. ಮಂಚದಿಂದ ಶುರು ಮಾಡ್ಲಿ."

ಅದನ್ನೇ ಚುಕ್ಕಿ ಹಾಕಿ ಅವಳಿಗೂ ಬರೆದರಂತೆ. ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಮೊಮ್ಮಗಳು ಮಂಚದಿಂದ ಇಳಿದು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಪಾದ ಇಡುತ್ತ ಅಡುಗೆ ಮನೆಗೆ ಬಂದಳು. ಹದಿನಾಲ್ಕು ಹೆಜ್ಜೆ. ಒಲೆಯ ಕಡೆ ನೋಡಿದಳು, ತಿರುಗಿ ಹೋದಳು. ಸಂಜೆಯೊಳಗೆ ಸಾಹೇಬರು ಫೋನಿಗೆ ಕಳಿಸಿದ ನಕ್ಷೆಯಲ್ಲಿ ಬೆಳ್ಳಕ್ಕಿಪುರದ ಮೊದಲ ಬೀದಿ ಮೂಡಿತ್ತು. ಬೀದಿಯ ಕೊನೆಗೆ ಆರದ ಬೆಂಕಿ, ಅದರ ಮುಂದೆ ಒಬ್ಬ ಮುದುಕಿ.

ದಿನಕ್ಕೊಂದಿಷ್ಟು ಊರು ಬೆಳೆಯಿತು. ಬಚ್ಚಲು ಬಂತು, ಹಿತ್ತಲು ಬಂತು, ನಮ್ಮ ಹೊಸ್ತಿಲು ಊರಬಾಗಿಲಾಯಿತು. ಅಲ್ಲಿಗೆ ನಿಂತಿತು. ಹದಿನೆಂಟು ದಿನ ಬಾಗಿಲು ಮುಚ್ಚಿಯೇ ಇತ್ತು. ಸಾಹೇಬರು ಅವಸರ ಮಾಡಲಿಲ್ಲ, ಹುರಿದುಂಬಿಸಲೂ ಇಲ್ಲ. ದಿನಾ ಬೆಳಿಗ್ಗೆ ಕಥೆಯಲ್ಲಿ ಒಂದು ಸಾಲು ಬರೆಯುತ್ತಿದ್ದರು: ಬೆಳ್ಳಕ್ಕಿಪುರದ ಬಾಗಿಲ ಹೊರಗೆ ಮೋಜಣಿಯವನು ಅಳತೆಯ ಸರಪಳಿ ಹಿಡಿದು ಕೂತಿದ್ದಾನೆ.

ಹತ್ತೊಂಬತ್ತನೆಯ ದಿನ, ಉರಿ ಬಿಸಿಲು, ಚಿಲಕ ತೆಗೆದ ಸದ್ದಾಯಿತು. ನಾನು ಏಳಲಿಲ್ಲ. ಎದ್ದರೆ ಎಲ್ಲಿ ವಾಪಸು ಬಂದುಬಿಡುತ್ತಾಳೋ ಎಂದು ಉಸಿರು ಹಿಡಿದು ಕೂತೆ. ಸೊಪ್ಪು ಸೋಸುತ್ತಿದ್ದ ಕೈ ಹಾಗೇ ನಿಂತಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಬಂದಳು. ಬೆವೆತಿದ್ದಳು. ಒಳಗೆ ಹೋಗದೆ ನನ್ನೆದುರು ನಿಂತಳು.

"ಅಜ್ಜಿ, ಗಿರಣಿ ಮುಂದಿನ ನಾಯಿ ಯಾವಾಗ ಮರಿ ಹಾಕಿದ್ದು?"

ಎಂಟು ತಿಂಗಳ ಮೇಲೆ ನನ್ನೊಂದಿಗೆ ಆಡಿದ ಮಾತು ಅದು.

"ನನಗೇನು ಗೊತ್ತವ್ವ? ಎಷ್ಟು ಅದಾವ?" ಎಂದೆ. ಮತ್ತೆ ಸೊಪ್ಪು ಸೋಸತೊಡಗಿದೆ.

"ನಾಲ್ಕು. ಒಂದಕ್ಕೆ ಕಿವಿ ಕರ್ರಗೆ" ಎಂದವಳೇ ಫೋನು ಹಿಡಿದು ಕೂತಳು. ಸಾಹೇಬರು ನಾಲ್ಕೂ ಮರಿಗಳನ್ನು ನಕ್ಷೆಯಲ್ಲಿ ಬರೆದರು.

ಆಮೇಲೆ ಪೇಟೆ, ಬಸ್‌ಸ್ಟ್ಯಾಂಡು, ಮಳೆ ನಿಂತ ಮೇಲೆ ಕಾಲೇಜಿನ ಗೇಟು. ನನ್ನನ್ನೂ ಸಾಹೇಬರು ಬಿಡಲಿಲ್ಲ. ದೋಣಿ ನಿಲ್ಲುವ ದಂಡೆ ಎಷ್ಟು ಉದ್ದವೆಂದು ದೋಣಿ ಅಜ್ಜಿಯೇ ಅಳೆದು ಹೇಳಲಿ ಎಂದು ಪಟ್ಟು ಹಿಡಿದರು. ಅಜ್ಜಿ, ಮೊಮ್ಮಗಳು ಗುಡ್ನಾಪುರಕ್ಕೆ ಹೋಗಿ ಕೆರೆ ಏರಿಯ ಮೇಲೆ ನಡೆದೆವು. ಅರ್ಧದಲ್ಲಿ ನನ್ನ ಎಣಿಕೆ ತಪ್ಪಿತು. "ಮೊದಲಿಂದ ಬಾ ಅಜ್ಜಿ, ಸಾಹೇಬ್ರು ಬಿಡೋದಿಲ್ಲ" ಎಂದು ಗದರಿಸಿ ನನ್ನನ್ನು ವಾಪಸು ನಡೆಸಿದಳು. ನಾನು ಬೇಕೆಂದೇ ಇನ್ನೊಮ್ಮೆ ತಪ್ಪಿದೆ.

ಸಾಹೇಬರಿಗೆ ಹುಷಾರಿಲ್ಲವೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಅವರ ನಂಬರಿನಿಂದ ಸಾಲು ಬಂತು: "ಸರ್ವೆ ಸಾಹೇಬರು ಇಂದು ಬೆಳಗಿನ ಜಾವ ತೀರಿಕೊಂಡರು." ಬರೆದವರು ಅವರ ಹೆಂಡತಿ. ಆಕೆಗೆ ನಮ್ಮ ಚುಕ್ಕಿಯ ಕಟ್ಟಳೆ ತಿಳಿಯದು. ಚುಕ್ಕಿ ಇಲ್ಲದ್ದನ್ನು ನಾವು ಕಥೆ ಎಂದೇ ಓದಿದೆವು. ಸೀಮೆಯಲ್ಲೆಲ್ಲ ನಗಾರಿ ಬಾರಿಸಿ ಎಂದು ರಾಜ ಬರೆದ. ವಿಷವೋ ಬಾಣವೋ ನೋಡಬೇಕು ಎಂದು ವೈದ್ಯೆ ಬರೆದಳು. ಸಾಹೇಬರು ಏನೋ ಹೊಸ ಆಟ ಹೂಡಿದ್ದಾರೆಂದು ನಾನೂ ನಗುತ್ತ ಬರೆದೆ, ದೋಣಿ ತರುತ್ತೇನೆ, ನಾನು ಬರುವತನಕ ಅವರನ್ನು ಕೂರಿಸಿಕೊಂಡಿರಿ ಎಂದು.

ಅರ್ಧ ತಾಸಿನ ಮೇಲೆ ಯಲ್ಲಾಪುರದ ರಾಜನ ಫೋನು ಬಂತು. "ಅಜ್ಜೀ, ಖರೇ ಅಂತೆ" ಎಂದ. ಅವನು ಅಳುತ್ತಿದ್ದ. ನನಗೆ ಅಳು ಬರಲಿಲ್ಲ. ಒಲೆಯ ಮೇಲಿನ ಹಾಲು ಇಳಿಸಿದೆ, ಪಾತ್ರೆಗೆ ಮುಚ್ಚಳ ಹಾಕಿದೆ. ನಾವು ಬರೆದದ್ದನ್ನು ಯಾರೂ ಅಳಿಸಲಿಲ್ಲ. ಅಲ್ಲೇ ಇದೆ.

ಗುರುತಿಲ್ಲದ ಮನೆ, ಬೇರೆ ಜನ, ಹೋಗುವುದೋ ಬಿಡುವುದೋ ಎಂದು ನಾನು ಅನುಮಾನಿಸುತ್ತಿದ್ದರೆ ಮೊಮ್ಮಗಳು ಚಪ್ಪಲಿ ಮೆಟ್ಟಿ ನಿಂತಿದ್ದಳು. ಸಿದ್ದಾಪುರದ ಬಸ್ಸು ಹತ್ತಿದೆವು. ಇಳಿದ ಮೇಲೆ ಹೂವಿನ ಅಂಗಡಿಯವರನ್ನು ದಾರಿ ಕೇಳಿದವಳು ಅವಳು, ಮುಂದೆ ನಡೆದವಳು ಅವಳು. ಅಂಗಳದ ತುಂಬ ಜನ. ಸಾಹೇಬರನ್ನು ಚಾಪೆಯ ಮೇಲೆ ಮಲಗಿಸಿದ್ದರು. ಪೂರ್ತಿ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಸಣ್ಣ ಮುಖ, ಸುಮಾರಾದ ಮನುಷ್ಯ.

"ಯಾರ ಮನೆಯವರು ನೀವು?" ಎಂದು ಯಾರೋ ಕೇಳಿದರು.

"ನಾನು ಬೆಳ್ಳಕ್ಕಿಪುರದವಳು" ಎಂದಳು ಮೊಮ್ಮಗಳು, ಅಷ್ಟು ಜನರ ನಡುವೆ, ಗಟ್ಟಿಯಾಗಿ.

ಮೂಲೆಯಲ್ಲಿ ಕೂತಿದ್ದ ಅವರ ಹೆಂಡತಿ ತಲೆ ಎತ್ತಿದರು. "ಆ ಕೂಸು ನೀನಾ? ಊಟಕ್ಕೆ ಕೂತಾಗೆಲ್ಲ ನಿಂದೇ ಸುದ್ದಿ. ಕೂಸು ಇವತ್ತು ಗಿರಣಿವರೆಗೆ ಹೋತು, ಕೂಸು ಇವತ್ತು ಪೇಟೆಗೆ ಹೋತು ಹೇಳಿ. ನೀ ಬಸ್‌ಸ್ಟ್ಯಾಂಡಿಗೆ ಹೋದ ದಿನ ಪಾಯಸ ಮಾಡ್ಸಿದ್ರು ಮಾರಾಯ್ತಿ" ಎಂದು ಕೈ ಚಾಚಿದರು. ಮೊಮ್ಮಗಳು ಹೋಗಿ ಅವರ ಪಕ್ಕದಲ್ಲಿ ಕೂತಳು. ಅಪ್ಪ ಸತ್ತಾಗ ಹರಿಯದ ಕಣ್ಣೀರು ಅಲ್ಲಿ ಹರಿಯಿತು.

ಇದನ್ನು ಹೇಗೆ ಬರೆಯಲಿ? ಆ ಸಾವಿನ ಮನೆಯಲ್ಲಿ, ಹೆಣದ ಮುಂದೆ ಕೂತು, ನನಗೆ ಸಂತೋಷವಾಗುತ್ತಿತ್ತು. ಎದೆಯಲ್ಲಿ ಹಿಡಿಸದಷ್ಟು. ನನ್ನ ಹುಡುಗಿ ಊರು ದಾಟಿ ಬಂದಿದ್ದಾಳೆ, ಗುರುತಿಲ್ಲದವರ ಎದುರು ತಾನು ಯಾರೆಂದು ಹೇಳಿದ್ದಾಳೆ, ಅಳುತ್ತಿದ್ದಾಳೆ. ಯಾರಾದರೂ ನನ್ನ ಮುಖ ನೋಡಿಬಿಟ್ಟಾರು ಎಂದು ಸೆರಗು ಎಳೆದುಕೊಂಡೆ. ನೋಡಿದವರು ಅಳುತ್ತಿದ್ದಾಳೆಂದುಕೊಂಡಿರಬೇಕು.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ನನ್ನ ಮೇಲೆ ರೇಗುತ್ತಾಳೆ, ರೊಟ್ಟಿ ದಪ್ಪ ಎನ್ನುತ್ತಾಳೆ, ಬಾಗಿಲು ಬಡಿದು ಓಡುತ್ತಾಳೆ. ಸೀಮೆಯ ನಕ್ಷೆಯ ಕೆಲಸ ಅವಳಿಗೇ ಬಂದಿದೆ, ಸಾಹೇಬರಿಗಿಂತ ಬಿಗಿ. ಮಗನಿಗಾಗಿ ನಾನು ಇನ್ನೂ ಅತ್ತಿಲ್ಲ, ಸಾಹೇಬರಿಗಾಗಿಯೂ ಅತ್ತಿಲ್ಲ. ಎದೆಯೊಳಗಿನ ಆ ಜಾಗ ಇನ್ನೂ ಜೋಮು ಹಿಡಿದೇ ಇದೆ. ಅಳು ಬರುವ ದಿನ ಬಂದರೆ ಇಬ್ಬರಿಗೂ ಸೇರಿಸಿಯೇ ಅಳಬೇಕು. ಅಲ್ಲಿಯವರೆಗೆ, ದಿನಾ ಬೆಳಿಗ್ಗೆ ಅವಳು ಬಾಗಿಲು ಬಡಿದು ಹೋದ ಮೇಲೆ, ಹೆಜ್ಜೆಯ ಸದ್ದು ಗಿರಣಿಯ ಸದ್ದಿನಲ್ಲಿ ಕರಗುವತನಕ ರೊಟ್ಟಿಯ ಹಿಟ್ಟು ಹಿಡಿದುಕೊಂಡು ನಿಂತಿರುತ್ತೇನೆ.