ರೋಮ್ ಸಭೆಗೆ ನನ್ನ ಸೀರೆಯ ಅಂಚು

ಇಸ್ತ್ರಿಪೆಟ್ಟಿಗೆ ತಾಗಿದಾಗ ಹತ್ತಿಬಟ್ಟೆಯಿಂದ ಏಳುವ ಬಿಸಿ ವಾಸನೆ ನಿಮಗೂ ಇಷ್ಟವೇ? ಇವತ್ತು ಬೆಳಿಗ್ಗೆ ಅಮೆರಿಕದ ಫ್ರಿಸ್ಕೋದ ಮನೆಯಲ್ಲಿ ಯಜಮಾನರ ಪಂಚೆಗೆ ಇಸ್ತ್ರಿ ಹಾಕುವಾಗ ಆ ವಾಸನೆ ಬಂತು. ನನಗೆ ರೋಮ್ ನೆನಪಾಯಿತು. ನಗಬೇಡಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಭೂಪಟದಲ್ಲಿ ರೋಮ್ ತೋರಿಸಲಾರೆ. ಆದರೆ ಅಲ್ಲಿನ ರಾಜಕೀಯ ಚೆನ್ನಾಗಿ ಗೊತ್ತು.

ಕೆಲವು ವರ್ಷಗಳ ಹಿಂದೆ ಮೊಮ್ಮಗಳು ಅನಘಾಳ ಶಾಲೆಯಲ್ಲಿ ಲ್ಯಾಟಿನ್ ಕಲಿಯುವ ಮಕ್ಕಳು ಹಳೇ ರೋಮಿನ ಸಭೆ ನಡೆಸಿದರು. ಸಭೆಯನ್ನಾಳುವ ಕಾನ್ಸಲ್ ಪದವಿಗೆ ಚುನಾವಣೆ. ಬಂದವರೆದುರು ಬಾಯಿ ಬಿಡದ ನಮ್ಮ ಕೂಸು ಅದಕ್ಕೆ ನಿಂತಿತ್ತು. ಗೆಲ್ಲಲೇಬೇಕೆಂದು ಕನ್ನಡಿಗೆ ಭಾಷಣ ಒಪ್ಪಿಸುತ್ತಿತ್ತು. ಆಗಿನ ರೋಮಿನಲ್ಲಿ ಚುನಾವಣೆಗೆ ನಿಂತವರು ಬಟ್ಟೆಗೆ ಸೀಮೆಸುಣ್ಣದ ಪುಡಿ ತಿಕ್ಕಿ ಇನ್ನಷ್ಟು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರಂತೆ.

“ಅಜ್ಜಿ, ಪ್ಲೇನ್ ವೈಟ್ ಬೇಕು.”

“ಬರೀ ಬಿಳಿ ಉಟ್ಟು ಒಳ್ಳೇ ಕೆಲಸಕ್ಕೆ ಹೋಗ್ತಾರೇನೇ? ನಾನಿರೋವರೆಗೂ ಆಗಲ್ಲ.”

ಹಳೇ ಸೀರೆಯ ನೇರಳೆ ಅಂಚು ಕತ್ತರಿಸಿ ಬಿಳಿ ಬೆಡ್‌ಶೀಟಿಗೆ ಹೊಲಿದು ಇಸ್ತ್ರಿಯನ್ನೂ ಹಾಕಿಬಿಟ್ಟೆ. ಮಗು ಮುಖ ಸಪ್ಪೆ ಮಾಡಿಕೊಂಡೇ ಉಟ್ಟಿತು.

ಸಭೆಯಲ್ಲಿ ಎದುರಾಳಿ ಹುಡುಗಿ ಎದ್ದು ಅಂಚಿಗೇ ಬೆರಳು ತೋರಿಸಿ ಏನೋ ಕೂಗಿದಳು. ಪಕ್ಕದಲ್ಲಿದ್ದ ಮಗಳು ಪಿಸುಗುಟ್ಟಿದಳು: “ಅಮ್ಮಾ, ನೇರಳೆ ಅಂಚು ಅಧಿಕಾರ ಸಿಕ್ಕಿದವರಿಗಂತೆ. ಗೆಲ್ಲೋ ಮೊದಲೇ ಹಾಕಿದಾಳೆ, ಇವಳಿಗೆ ರಾಣಿ ಆಗೋ ಆಸೆ ಅಂತಿದಾಳೆ. ರಾಜ ಆಗಕ್ಕೆ ಹೊರಟೋನನ್ನ ರೋಮಿನಲ್ಲಿ ಜೊತೆಯವರೇ ಚುಚ್ಚಿ ಕೊಂದಿದ್ರು.”

ಒಂದು ಅಂಚಿಗೆ ಮಗುವಿನ ಗೆಲುವೇ ಹೋಯಿತಲ್ಲ ಎಂದುಕೊಂಡೆ.

ಅನಘಾ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಶುರುಮಾಡಿದಳು. ಇಂಗ್ಲಿಷು, ಮಗಳು ಕನ್ನಡದಲ್ಲಿ ಹೇಳುತ್ತ ಹೋದಳು. “ರೋಮಿನಲ್ಲಿ ಮಕ್ಕಳಿಗೂ ಇದೇ ಅಂಚು ಇತ್ತು, ಕೆಟ್ಟದ್ದು ತಾಗದಿರಲಿ ಅಂತ. ನಾನಿನ್ನೂ ಮಗು. ನಮ್ಮಜ್ಜಿ ಹೊಲಿದು ಕಳಿಸಿದಾರೆ. ವೋಟು ಹಾಕಿ ಗೆಲ್ಲಿಸಿದ್ರೆ ಬಟ್ಟೆ ಬದಲಾಯಿಸೋ ಕೆಲಸವೂ ಇಲ್ಲ.”

ಎಲ್ಲರೂ ನಕ್ಕರು. ಆಮೇಲೆ ಕೈ ಎತ್ತಿದರು.

ಗೆದ್ದಳು. ಎದುರಾಳಿಯೂ ಗೆದ್ದಳು, ಅಲ್ಲಿ ಕಾನ್ಸಲ್ ಇಬ್ಬರಂತೆ, ಒಂದೇ ವರ್ಷವಂತೆ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಬೇಡವೆನ್ನಬಹುದಂತೆ. ಒಂದು ಅಡಿಗೆಮನೆಗೆ ಇಬ್ಬರು ಓರಗಿತ್ತಿಯರು! ಆ ಪದ್ಧತಿ ಕಟ್ಟಿದವರು ಕೂಡುಕುಟುಂಬದಲ್ಲಿ ಬೆಳೆದವರೇ ಇರಬೇಕು. ಸಿಕ್ಕವರಿಗೆಲ್ಲ ಹೇಳಿದೆ, ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದ ಅಪರಿಚಿತರಿಗೂ.

ಇಸ್ತ್ರಿ ಮುಗಿಸಿ ಸಂಜೆ ನಮ್ಮ ಹಿರಿಯರ ಭಜನೆಗೆ ಹೋದೆ. ಅಲ್ಲಿ ಯಾವ ಹಾಡು, ಯಾರು ಹೇಳಬೇಕು, ಎಲ್ಲ ಸರೋಜಮ್ಮನವರದೇ ತೀರ್ಮಾನ. ನಾನು ಹಿಂದೆ ಕೂತು ತಾಳ ಹಾಕುವವಳು. ಇವತ್ತು ತಾಳ ಕೆಳಗಿಟ್ಟು ಎದ್ದೆ.

“ಸರೋಜಮ್ಮ, ಇನ್ಮೇಲೆ ಹಾಡು ಆರಿಸಕ್ಕೆ ಇಬ್ಬರಿರಲಿ. ವರ್ಷಕ್ಕೊಮ್ಮೆ ಬದಲಾಗಲಿ.”

ಅವರು ಕನ್ನಡಕದ ಮೇಲಿಂದ ನೋಡಿದರು. “ಆಗಲಿ. ಎರಡನೆಯವರು ಯಾರಮ್ಮ?”

ಯಜಮಾನರು ನನ್ನ ಸೀರೆ ಜಗ್ಗಿದರು.

ನಾನು ಕೂರಲಿಲ್ಲ.