ಕೀಲಿಕೈ ಕೇಳಿದರೆ ಮೊಳೆ ಬಂತು

ಗೆಳೆಯರೇ, ಈಗಷ್ಟೇ ನಮ್ಮ ಬಾತ್‌ರೂಮಿನಿಂದ ಬಿಡುಗಡೆಯಾಗಿ ಬಂದು ಬರೆಯುತ್ತಿದ್ದೇನೆ. ಬಾಗಿಲಿನ ಸಡಿಲ ಹಿಡಿಕೆಯನ್ನು ನಾನೇ ಸರಿಮಾಡುತ್ತೇನೆಂದು ಒಳಗೆ ನಿಂತು ಸ್ಕ್ರೂ ಬಿಚ್ಚಿದೆ. ಹಿಡಿಕೆ ಕೈಗೆ ಬಂತು, ಬಾಗಿಲು ಧಡ್ ಎಂದು ಮುಚ್ಚಿ ಲಾಕ್ ಆಯಿತು; ಇನ್ನು ಹೊರಗಿನಿಂದ ಕೀಲಿಕೈ ಹಾಕಿಯೇ ತೆಗೆಯಬೇಕು.

"ಕೀಲಿಕೈ ತಗೊಂಡ್ ಬಾರವ್ವಾ, ಲಗೂನ!" ಎಂದು ಮಗಳನ್ನು ಕೂಗಿದೆ. ಇಲ್ಲೇ ಘಣಸೋಲಿಯಲ್ಲಿ, ಹಿಂದಿಯವರ ನಡುವೆ ಹುಟ್ಟಿ ಬೆಳೆದವಳು. ಉಡುಪಿಯ ಅಮ್ಮನಿಂದ 'ಬೀಗದ ಕೈ' ಕಲಿತಿದ್ದಾಳೆ. ನನ್ನ ಹುಬ್ಬಳ್ಳಿಯ 'ಕೀಲಿ' ಅವಳ ಕಿವಿಗೆ ಹಿಂದಿಯ ಕೀಲ್, ಅಂದರೆ ಮೊಳೆ.

"ಪಪ್ಪಾ, ಛೋಟಾ ಕೀಲ್ ಯಾ ಬಡಾ?"

ಬಾಗಿಲ ಕೆಳಗಿನಿಂದ ಉದ್ದದ ಮೊಳೆಯೊಂದು ಉರುಳಿ ಬಂತು. ಸಿಟ್ಟು ನೆತ್ತಿಗೇರಿತು. ಬೇರೆ ದಾರಿಯಿಲ್ಲದೆ ಹಿಡಿಕೆಯಿದ್ದ ತೂತಿಗೆ ಅದನ್ನೇ ತುರುಕಿ ತಿರುಗಿಸಿದೆ. ಟಕ್! ಬಾಗಿಲು ತೆರೆಯಿತು.

ಕೀಲಿಕೈ ಎಲ್ಲಿಟ್ಟಿದ್ದೀ ಎಂದು ಕೇಳಲು ಹೆಂಡತಿಗೆ ಫೋನ್ ಮಾಡಿದೆ. "ಬೀಗದ ಕೈಯೆಲ್ಲ ನನ್ನ ಪರ್ಸಲ್ಲುಂಟು ಮಾರಾಯ್ರೆ" ಎಂದಳು, ವಾಶಿಯ ಆಫೀಸಿನಿಂದ.

ಮಗಳ ಕನ್ನಡ ಇನ್ನೊಂದಿಷ್ಟು ಚೆನ್ನಾಗಿದ್ದಿದ್ದರೆ ನಾನಿನ್ನೂ ಒಳಗೇ ಇರುತ್ತಿದ್ದೆ.